ಸಣ್ಣ ನಕ್ಷತ್ರದ ಮೊದಲಿನ ಗಾತ್ರ

ಡೊಂಬಿವಲಿ, ಬುಧವಾರ

ಅವ್ವಾ,

ಫೋನ್ ಮಾಡಿದರೆ ನೀನು "ಆರಾಮ ಅದೀನಿ, ಇಡ್ತೀನಿ" ಎಂದು ಇಟ್ಟೇಬಿಡುತ್ತೀ. ಅದಕ್ಕೇ ಈ ಕಾಗದ. ಹಟ ಹಿಡಿದು ನನ್ನನ್ನು ಕನ್ನಡ ಶಾಲೆಗೆ ಹಾಕಿದವಳು ನೀನೇ. ಕನ್ನಡಕ ಹಾಕಿಕೊಂಡು ಪೂರ್ತಿ ಓದು.

ನೀನು ಉಲ್ಹಾಸನಗರಕ್ಕೆ ಹೊರಟುಹೋಗಿ ಇಂದಿಗೆ ಹತ್ತೊಂಬತ್ತು ದಿನ. ನಿನ್ನ ಅಳಿಯ ಬಸವಕುಮಾರ್ ಬೆಳಿಗ್ಗೆ ಏಳಕ್ಕೆ ನವಿ ಮುಂಬಯಿಯ ಆಫೀಸಿಗೆ ಹೋದರೆ ತಿರುಗಿ ಬರುವುದು ರಾತ್ರಿಯೇ. ನಡುವೆ ನಾನು, ಮೂರು ತಿಂಗಳ ಕೂಸು, ಮುಚ್ಚಿದ ಬಾಗಿಲು. ಎದುರುಮನೆಯ ಕಾಕು "ಬಾಳ ಕಸಂ ಆಹೆ?" ಎಂದು ಮರಾಠಿಯಲ್ಲಿ ಕೂಸಿನ ಕ್ಷೇಮ ಕೇಳುತ್ತಾರೆ, ಉತ್ತರ ಬರುವಷ್ಟರಲ್ಲಿ ಲಿಫ್ಟ್ ಹತ್ತಿರುತ್ತಾರೆ. ಕೂಸು ಮಲಗಿದರೂ ನನಗೆ ನಿದ್ದೆಯಿಲ್ಲ. ಉಸಿರಾಡುತ್ತಿದೆಯೇ ಎಂದು ಅದರ ಮೂಗಿನ ಬಳಿ ಬೆರಳು ಹಿಡಿದು ಕೂತಿರುತ್ತೇನೆ.

ನಿನ್ನೆ, ರಜೆ ಮುಗಿಯುತ್ತಾ ಬಂತಲ್ಲ ಎಂದು ಕಾಲೇಜಿನ ಪಾಠದ ಟಿಪ್ಪಣಿ ತೆಗೆದೆ. ಜೋಡಿ ನಕ್ಷತ್ರಗಳ ಪುಟ ಬಂತು. ಎರಡು ನಕ್ಷತ್ರ ಒಂದನ್ನೊಂದು ಸುತ್ತುತ್ತಿರುತ್ತವೆ, ಅವ್ವಾ. ಒಂದು ಉಬ್ಬಿದ ಕೆಂಪು ದೈತ್ಯ, ಇನ್ನೊಂದು ನಮ್ಮ ಭೂಮಿಯಷ್ಟೇ ಇರುವ ಬಿಳಿ ಕುಬ್ಜ. ದೈತ್ಯನ ಮೈಯಿಂದ ಅನಿಲ ಹರಿದು ಕುಬ್ಜನ ಮೇಲೆ ಬೀಳುತ್ತಲೇ ಇರುತ್ತದೆ. ಅಂಥ ಒಂದು ಜೋಡಿ ಸುಮಾರು ಎಂಬತ್ತು ವರ್ಷಕ್ಕೊಮ್ಮೆ ಭುಗ್ಗೆಂದು ಹೊಳೆಯುತ್ತದೆಯಂತೆ. ಇವತ್ತೋ ನಾಳೆಯೋ ಎಂದು ಜನ ಎರಡು ವರ್ಷದಿಂದ ಕಾಯುತ್ತಿದ್ದಾರೆ. ಪಾಠ ಮಾಡುವಾಗ ನಾನು ಆ ಸಣ್ಣದನ್ನು ಕಳ್ಳ ಎಂದಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಮ್ಯಾಮ್, ಯೇ ತೋ ಮೇರಿ ದಾದೀ ಹೈ" ಎಂದು ಅದನ್ನು ತನ್ನ ಅಜ್ಜಿಯಾಗಿಸಿದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ನಾನು ಹೇಳದೆ ಬಿಟ್ಟದ್ದೊಂದಿತ್ತು. ಮೊದಲು ದೊಡ್ಡದಾಗಿದ್ದದ್ದು ಆ ಕುಬ್ಜವೇ. ಬೇಗ ಉರಿಯಿತು, ಮೈಮೇಲಿನ ಪದರಗಳನ್ನೆಲ್ಲ ಬಿಟ್ಟುಕೊಟ್ಟಿತು. ಒಂದಷ್ಟು ಪಕ್ಕದ್ದರ ಮೇಲೂ ಬಿದ್ದಿರಬೇಕು. ಉಳಿದದ್ದು ಬರೀ ತಿರುಳು. ಪರೀಕ್ಷೆಗೆ ಬರುವುದಿಲ್ಲವೆಂದು ಅದನ್ನು ಹಾರಿಸಿಬಿಟ್ಟಿದ್ದೆ.

ಅಪ್ಪ ತೀರಿಕೊಂಡ ಮೇಲೆ ಜೀನ್ಸ್ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಕಡುನೀಲಿ ಬಟ್ಟೆಯ ದಾರ ಕತ್ತರಿಸಿ ಕಣ್ಣು ಮಂಜಾಗಿಸಿಕೊಂಡವಳು ನೀನು. ನಾನು ಓದುವಾಗ ಎದುರಿಗೆ ಕೂತು ತೂಕಡಿಸುತ್ತಲೇ "ನೀ ಓದವ್ವಾ, ನಾ ಎಚ್ಚರ ಅದೀನಿ" ಎನ್ನುತ್ತಿದ್ದಿ. ಬಾಣಂತನಕ್ಕೆಂದು ಅಂಟಿನುಂಡಿಯ ಡಬ್ಬಿ ಹೊತ್ತು ಬಂದಿ. ನೀನು ಕೇಳಿದ್ದಾದರೂ ಏನು? ಸೂಜಿಗೆ ದಾರ ಪೋಣಿಸಿಕೊಡು, ಫೋನಿನ ಸಣ್ಣ ಅಕ್ಷರ ಓದಿ ಹೇಳು, ಉಣ್ಣುವಾಗ ಪಕ್ಕದಲ್ಲಿ ಕೂಡು. ಆ ದಿನ ಕೂಸು ಮೊಲೆ ಬಿಡುತ್ತಲೇ ಇರಲಿಲ್ಲ. ನೀನು ಅಡುಗೆಮನೆಯಿಂದ "ಬಾರಬೇ ವೈಶಾಲಿ, ಒಬ್ಬಾಕಿಗೇ ಉಣ್ಣಾಕ ಬ್ಯಾಸರಾಕ್ಕೈತಿ" ಎಂದು ಕರೆದಿ. ನಾನು ಕಿರುಚಿದೆ: "ಅದೊಂದ್ ಕಡೆ, ನೀ ಒಂದ್ ಕಡೆ, ಇಬ್ಬರೂ ಕೂಡಿ ನನ್ನ ಹೀರಾಕತ್ತೀರಿ!"

ನೀನು ತಾಟು ತೊಳೆದಿಟ್ಟಿ. "ಆತವ್ವಾ, ಒಬ್ಬಾಕಿ ಕಡಿಮಿ ಆಗ್ತೀನಿ" ಎಂದು ಚೀಲ ಹಿಡಿದಿ. ಸ್ಟೇಶನ್ನಿಗೆ ಹೇಗೆ ಹೋಗುತ್ತೀ ಎಂದೂ ನಾನು ಕೇಳಲಿಲ್ಲ. ನಕ್ಷತ್ರಗಳಿಗೆ ಹಾಗೆ ಬಿಟ್ಟು ಹೋಗಲು ಬರುವುದಿಲ್ಲ. ನಮಗೆ ಕಲ್ಯಾಣದಲ್ಲಿ ಗಾಡಿ ಬದಲಿಸಿದರಾಯಿತು.

ಈಗ ಯಾರಿಗೂ ಹೇಳದ್ದನ್ನು ಹೇಳುತ್ತೇನೆ. ಮೊನ್ನೆ ಮಧ್ಯಾಹ್ನ ಕೂಸು ಅಳು ನಿಲ್ಲಿಸಲೇ ಇಲ್ಲ. ಅದನ್ನು ತೊಟ್ಟಿಲಲ್ಲಿ ಬಿಟ್ಟು ಗ್ಯಾಲರಿಗೆ ಹೋಗಿ, ಬಾಗಿಲೆಳೆದುಕೊಂಡು, ಎರಡೂ ಕಿವಿ ಮುಚ್ಚಿ ಕೂತುಬಿಟ್ಟೆ. ಎಷ್ಟು ಹೊತ್ತೋ ತಿಳಿಯದು. ಒಳಗೆ ಬಂದಾಗ ಅತ್ತು ಅತ್ತು ಮಲಗಿತ್ತು. ಎತ್ತಿಕೊಳ್ಳಲು ಕೈ ಹೆದರಿತು. ಬಸವಕುಮಾರ್ ಫೋನ್ ಮಾಡಿದಾಗ "ಎಲ್ಲಾ ಓಕೆ" ಎಂದೆ. ಓಕೆ ಇಲ್ಲ, ಅವ್ವಾ. ನನಗೆ ನನ್ನದೇ ಭಯ.

ಬಾ ಎಂದು ಕರೆಯುವ ಮುಖ ನನಗಿಲ್ಲ. ಭಾನುವಾರ ಕೂಸನ್ನು ಎದೆಗೆ ಕಟ್ಟಿಕೊಂಡು ನಾನೇ ಬರುತ್ತೇನೆ. ಗದ್ದಲ, ಕೆಮ್ಮುವವರು, ಸೋಂಕು ಎಂದು ಲಸಿಕೆಯ ಸೂಜಿ ಹಾಕಿಸಲು ಹೋದದ್ದು ಬಿಟ್ಟರೆ ಅದನ್ನು ಗೇಟು ದಾಟಿಸಿದವಳಲ್ಲ ನಾನು. ನಿನ್ನ ಕೋಣೆಗೆ ಹೊಲಿಗೆ ಯಂತ್ರಗಳ ಸದ್ದು ಬರುತ್ತದೆ, ಅಲ್ಲಿ ಬಾಣಂತನ ಬೇಡ ಎಂದವಳೂ ನಾನೇ. ಈಗ ಆ ಸದ್ದು ಬೇಕಾಗಿದೆ. ನೀನು ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ತೆಗೆದರೆ, ಏನೂ ಕೇಳದೆ ಕೂಸನ್ನು ತೆಗೆದುಕೊ, ನನ್ನನ್ನು ಮಲಗಿಸು. ಸೋಮವಾರ ಡಾಕ್ಟರ ಹತ್ತಿರ ನನ್ನ ಜೊತೆ ನೀನೂ ಬಾ. ಒಬ್ಬಳೇ ಹೋದರೆ ಅವರಿಗೂ "ಎಲ್ಲಾ ಓಕೆ" ಎಂದು ಹೇಳಿ ಬಂದುಬಿಡುತ್ತೇನೆ.

ಹೊರಟವಳ ಕಾಲಿಗೆ ಅಂದು ಬೀಳಲಿಲ್ಲ. ಇಲ್ಲಿಂದಲೇ ಬೀಳುತ್ತಿದ್ದೇನೆ. ನಿನ್ನ ಕಣ್ಣು ತಣ್ಣಗಿರಲಿ.

ನಿನ್ನ ಮಗಳು,
ವೈಶಾಲಿ