ಬೋರಲು ಒರಳಿನ ಮೇಲಿನ ತೊಟ್ಟಿಲು

ಚಿಗರೆಬಂಡೆ, ೩೦ ಫೆಬ್ರವರಿ ೨೧೮೭
ಬೆಳಗಿನ ಜಾವ ಮೂರು ಗಂಟೆ ಹತ್ತು ನಿಮಿಷ

ಎಸ್ತರಮ್ಮನವರೇ,

ಮೂರು ಗಂಟೆಗೆ ನೆಲದಡಿ ಕಲ್ಲು ಜಾರಿದ ಸದ್ದಿಗೆ ಎಚ್ಚರವಾಯಿತು. ಅದು ತಳ ಮುಟ್ಟುವುದನ್ನು ಕಾದೆ. ಹನ್ನೊಂದು ಎಣಿಸಿದ ಮೇಲೆ ಕೇಳಿತು. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಇದು ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ.

ನಿಮ್ಮ ಊರು ಈಗಿಲ್ಲ. ಚಿನ್ನವೆಂದು ಮೂವತ್ತು ಸಾವಿರ ಜನ ಬಂದು ಸೇರಿದ್ದರಂತೆ. ಬ್ಯಾಂಡ್‌ಸೆಟ್ಟು, ಬೇಕರಿ, ಪಾಳಿ ಬದಲಾಗುವಾಗ ಕೂಗುವ ಸೈರನ್ನು, ಎಲ್ಲ ಇದ್ದವಂತೆ. ಕಾಲೇಜಿನಲ್ಲಿ ಅದರ ಬಗ್ಗೆ ನಾನು ಓದಿದ್ದು ಒಂದೂವರೆ ಪುಟ. ಅದಿರು ಮುಗಿಯಿತು, ಜನ ಚದುರಿದರು, ಗಣಿಯ ನಕ್ಷೆಗಳೂ ಉಳಿಯಲಿಲ್ಲ. ಅರವತ್ತು ವರ್ಷದ ಹಿಂದೆ ನಮ್ಮವರು ಬಂದಾಗ ಇಲ್ಲಿದ್ದದ್ದು ಜಾಲಿ, ಅಲ್ಲಲ್ಲಿ ಬೋರಲು ಬಿದ್ದ ಒರಳುಕಲ್ಲುಗಳು. "ಒರಳೈತೆ ಅಂದ್ರೆ ಇಲ್ಲೊಂದು ಸಂಸಾರ ಇತ್ತು, ನೆಲ ಗಟ್ಟಿ" ಎಂದುಕೊಂಡು ಒಂದೊಂದು ಒರಳಿಗೂ ಒಂದೊಂದು ಮನೆ ಕಟ್ಟಿದರು. ನಮ್ಮ ಮನೆಯ ಒರಳು ನಡುಮನೆಯಲ್ಲಿದೆ. ಎಂಟು ತಿಂಗಳ ಮಗಳು ಇಂಚರಳ ತೊಟ್ಟಿಲು ತೂಗುವುದು ಅದರ ಮೇಲೆಯೇ.

ನಿನ್ನೆ ಹಿತ್ತಿಲು ಅಗೆದಾಗ ತಗಡಿನ ಡಬ್ಬಿಯಲ್ಲಿ ನಿಮ್ಮ ಫೋಟೊ ಸಿಕ್ಕಿತು. ಹಿಂದೆ ನಿಮ್ಮ ಕೈಬರಹ: "ಯಜಮಾನ್ರು ಸತ್ತ ಶಾಫ್ಟನ್ನು ಇವತ್ತು ಮುಚ್ಚಿದರು. ನಮ್ಮ ಹೆಂಗಸರ ಪದ್ಧತಿಯಂತೆ ನನ್ನ ಒರಳನ್ನು ಅದರ ಬಾಯಿಗೆ ಬೋರಲು ಹಾಕಿದೆ. ಇಲ್ಲಿ ಯಾರೂ ಒಲೆ ಹೂಡಬಾರದು." ಕೆಳಗೆ ನಿಮ್ಮ ಹೆಸರು, ಗಣಿ ಕೆಲಸಗಾರರ ಮನೆಸಾಲಿನ ಲೈನು, ಮನೆ ನಂಬರು. ಅಂದರೆ ಇಲ್ಲಿ ಒಂದೊಂದು ಒರಳಿನಡಿಯೂ ಒಂದೊಂದು ಗಣಿಬಾವಿ.

ಊರ ಮುಖಂಡ ಮುದ್ದಪ್ಪನವರ ಬಳಿಗೆ ಓಡಿದೆ. ಅವರು ನಕ್ಕರು. "ಏನವ್ವಾ, ಬಾಣಂತಿ ನಿದ್ದೆಗೆಟ್ರೆ ಹಿಂಗೇಯ. ಅರವತ್ ವರ್ಸ ನಿಂತಿರೋ ಮನೆಗಳು ನಿನ್ ಮಾತಿಗೆ ಬಿದ್ದೋಯ್ತವಾ?"

ನಮ್ಮ ಗೋಡೆಗೆ ಅಂಟಿದಂತೆ ಹೊಸ ನೀರಿನ ಟ್ಯಾಂಕು ಕಟ್ಟಿದ್ದಾರೆ. ಬೆಳಿಗ್ಗೆ ಆರಕ್ಕೆ ಮೊದಲ ಸಲ ತುಂಬಿಸುತ್ತಾರೆ, ಒಂದು ಲಕ್ಷ ಲೀಟರು. ಮಗುವನ್ನು ಎತ್ತಿಕೊಂಡು ಬೀದಿಗೆ ಬಂದು ಬರೆಯುತ್ತಿದ್ದೇನೆ. ಆದರೆ ಎತ್ತ ಹೋಗಲಿ? ನಲವತ್ತೂ ಮನೆಗಳಲ್ಲಿ ಒರಳಿದೆ. ಸುರಂಗ ಯಾವ ಕಡೆ ಹರಿದಿದೆ, ಎಲ್ಲಿ ಬರೀ ಬಂಡೆ ಎಂಬುದು ನಿಮಗೆ ಗೊತ್ತು. ನನ್ನ ಮಾತು ನಂಬದವರು ಒರಳು ಹಾಕಿದವರ ದನಿ ಕೇಳಿದರೆ ನಂಬಿಯಾರು.

ನಿಮ್ಮ ಲೈನಿನ ಕಚೇರಿಯಲ್ಲಿ ಕರಿ ಟೆಲಿಫೋನು ಇದ್ದೇ ಇರುತ್ತದೆ. ಲಕೋಟೆಯ ಮೇಲಿನ ನಂಬರು ತಿರುಗಿಸಿ, ಹಿಂದಂಚೆಯವರು ನನಗೆ ಕೂಡಿಸಿಕೊಡುತ್ತಾರೆ. ಒಂದೇ ಮಾತು ಸಾಕು: ಮೂಡಲೋ, ಪಡುವಲೋ.

ಈಗ ಮತ್ತೆ ಜಾರಿತು. ಈ ಸಲ ಪಕ್ಕದ ಮನೆಯ ಕೆಳಗೆ. ಅವರ ಮನೆಯಲ್ಲಿ ಮೂವರು ಮಕ್ಕಳು ಮಲಗಿದ್ದಾರೆ. ಬಾಗಿಲು ಬಡಿಯುತ್ತೇನೆ, ಬೈದರೂ ಸರಿ. ಎಸ್ತರಮ್ಮಾ, ನಿಮ್ಮ ಕಾಲಿಗೆ ಬೀಳುತ್ತೇನೆ, ಬೆಳಗಾಗುವುದರೊಳಗೆ ಫೋನು ಮಾಡಿ.

ನೀಲವೇಣಿ