ಕತ್ತರಿಸಿಟ್ಟ ಗುಂಡಿಗಳು

ನವೆಂಬರ್ ೧೭, ಭಾನುವಾರ
ಸಂಜೆ ಆರು ಗಂಟೆ

ಪ್ರೀತಿಯ ತಮ್ಮನಿಗೆ,

ನಿನ್ನ ಅಣ್ಣನ ಆಶೀರ್ವಾದ. ಕರ್ತನ ದಯೆಯಿಂದ ನಾವು ಕ್ಷೇಮ, ನಿನ್ನ ಅತ್ತಿಗೆಯ ಮಂಡಿನೋವು ಒಂದನ್ನು ಬಿಟ್ಟು. ಹನ್ನೊಂದು ವರ್ಷ ಕಾಗದ ಹಾಕದವನು ಈಗ ಯಾಕೆ ಹಾಕಿದ ಅಂತ ಹುಬ್ಬು ಗಂಟಿಕ್ಕಬೇಡ. ತಪ್ಪು ನನ್ನದೇ, ಕ್ಷಮಿಸು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಬರಹ ಇದು, ಕಾಗುಣಿತ ಹುಡುಕುತ್ತ ಕೂರದೆ ವಿಷಯ ಓದು. ಇವತ್ತು ನಡೆದದ್ದನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ.

ಹೋದ ವಾರ ಕಾರ್ಖಾನೆ ಹಿಂದಿನ ಸಾಲುಮನೆಗಳಿಗೆ ಬೆಂಕಿ ಬಿತ್ತು. ಜೀವ ಉಳಿಯಿತು, ಮಿಕ್ಕದ್ದೆಲ್ಲ ಹೋಯಿತು. ಅವರಿಗಾಗಿ ಚರ್ಚಿನಲ್ಲಿ ಹಳೆ ಬಟ್ಟೆ ಕೂಡಿಸಿದರು. ಹರಿದದ್ದನ್ನು ಹೊಲಿದುಕೊಡುವ ಕೆಲಸ ಟೇಲರ್ ಆದ ನನ್ನ ತಲೆಗೆ ಬಂತು. ಮೂಟೆ ಬಿಚ್ಚಿ ನೋಡುತ್ತೇನೆ, ಹತ್ತರಲ್ಲಿ ಎಂಟು ಅಂಗಿಗೆ ಗುಂಡಿಯೇ ಇಲ್ಲ. ಉದುರಿದ್ದಲ್ಲ. ಉದುರಿದರೆ ದಾರ ಜೋಲುತ್ತದೆ. ಇವು ಕತ್ತರಿಯಿಂದ ನೀಟಾಗಿ ತೆಗೆದವು. ಬಟ್ಟೆ ದೇವರಿಗೆ, ಗುಂಡಿ ಮನೆಯ ಡಬ್ಬಿಗೆ.

ನನ್ನ ಸಿಟ್ಟು ನಿನಗೆ ಗೊತ್ತಲ್ಲ. ದೇವರ ಮುಂದೆ ಬರಿಗೈಯಲ್ಲಿ ನಿಲ್ಲಬಲ್ಲವನೇ ಧನ್ಯ ಅಂತ ಇವತ್ತು ಪಾದ್ರಿಗಳು ಪ್ರಸಂಗ ಮುಗಿಸುವುದಕ್ಕೂ ನಾನು ಒಂದು ಅಂಗಿ ಎತ್ತಿ ಹಿಡಿದು ಎದ್ದು ನಿಲ್ಲುವುದಕ್ಕೂ ಸರಿಹೋಯಿತು.

"ಯಾರ್ರೀ ಇದನ್ನ ಕೊಟ್ಟ ಮಹಾರಾಯ? ಚಳೀಲಿ ಎದೆ ತೆರ್ಕೊಂಡು ಓಡಾಡ್ಲಿ ಅಂತಾನಾ ಕೊಟ್ಟಿದ್ದು?"

"ಆಮೇಲೆ ಮಾತಾಡೋಣ, ಯಜಮಾನ್ರೆ," ಅಂದರು ಪಾದ್ರಿಗಳು.

"ಆಮೇಲೆ ಅಂದ್ರೆ ಎಲ್ರೂ ಊಟಕ್ಕೆ ಓಡ್ತಾರೆ. ನೀವೂ ಸೇರಿ."

ಹಿಂದಿನ ಬೆಂಚಿನಲ್ಲಿ ಬಕೆಟ್ ಅಜ್ಜಿ ಕೂತಿದ್ದಳು. ಚರ್ಚಿನ ನೆಲ ಒರೆಸುವವಳು, ಅವಳ ಮನೆಯೂ ಸುಟ್ಟಿದೆ. ತೊಟ್ಟ ಬಟ್ಟೆ, ಅದರ ಮೇಲೊಂದು ಹಳೆ ಸ್ವೆಟರ್, ಅಷ್ಟೇ ಅವಳ ಆಸ್ತಿ. ನೆಟ್ಟಗೆ ನನ್ನ ಹತ್ತಿರ ಬಂದು, ನನ್ನ ಜೇಬಿನಿಂದ ಕತ್ತರಿ ತಾನೇ ಎಳೆದುಕೊಂಡು, ಸ್ವೆಟರಿನ ಐದು ಗುಂಡಿ ಕಚಕಚ ಕತ್ತರಿಸಿ ನನ್ನ ಅಂಗೈಗೆ ಹಾಕಿದಳು.

"ಎಷ್ಟು ಕೂಗಾಡ್ತೀಯೋ. ತಗೋ, ಮಕ್ಕಳ ಅಂಗಿಗೆ ಹಾಕು. ನಂಗೆ ಒಂದು ಪಿನ್ನು ಸಾಕು."

"ನೀನೇ ಬಟ್ಟೆ ತಗೊಳ್ಳೋಕೆ ಬಂದವಳಲ್ವಾ ಅಜ್ಜಿ?"

"ಅದಕ್ಕೇನೀಗ? ತಗೊಳ್ಳೋಕೆ ಬಂದವಳು ಕೊಡಬಾರ್ದು ಅಂತ ಕಾನೂನಿದ್ಯಾ?"

ಮೊದಲು ಎದ್ದವಳು ಬೇಕರಿಯವನ ಹೆಂಡತಿ. ಮನೆಗೆ ಓಡಿ ಗುಂಡಿಯ ಡಬ್ಬಿ ತಂದಳು. ಅವಳ ಹಿಂದೆ ಮತ್ತೊಬ್ಬರು, ಮಗದೊಬ್ಬರು. ಕಾಣಿಕೆ ತಟ್ಟೆಗೆ ಗುಂಡಿ ಸುರಿದ ಸದ್ದು ಹೇಗಿತ್ತು ಅಂತೀಯ, ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಪಾದ್ರಿಗಳು ಊಟ ಮರೆತು ಸೂಜಿಗೆ ದಾರ ಪೋಣಿಸಲು ಕೂತರು. ಪೋಣಿಸಲು ಬರುವುದಿಲ್ಲ, ಅದು ಬೇರೆ ಮಾತು. ನಾಲ್ಕು ಗಂಟೆಗೆಲ್ಲ ಮೂಟೆ ಖಾಲಿ. ಅಜ್ಜಿಯ ಸ್ವೆಟರಿಗೂ ನಾನೇ ಹೊಲಿದೆ. ಕೆಂಪು ಗುಂಡಿಯೇ ಬೇಕು ಅಂತ ಹಟ ಮಾಡಿದಳು.

ಮನೆಯಿಲ್ಲದ ಆ ಮುದುಕಿಯ ಮುಂದೆ ಮನೆಯಿದ್ದ ನಾವು ಎಪ್ಪತ್ತು ಜನ ಗತಿಯಿಲ್ಲದವರ ಹಾಗೆ ನಿಂತಿದ್ದೆವು. ಇಷ್ಟು ವರ್ಷ ಬೆಂಚು ಸವೆಸಿದ್ದಕ್ಕೆ ಇವತ್ತು ಒಂದು ಪ್ರಸಂಗ ನನ್ನ ತಲೆಗೆ ಹೋಯಿತು.

ದೇವರು ನಿನ್ನನ್ನೂ ನಿನ್ನ ಹೆಂಡತಿ ಮಕ್ಕಳನ್ನೂ ಬೆಚ್ಚಗಿಟ್ಟಿರಲಿ.

ಇಂತಿ ನಿನ್ನ
ಮುಂಗೋಪಿ ಅಣ್ಣ

ತಾ.ಕ.: ಮನೆಗೆ ಬಂದ ಮೇಲೆ ನಿನ್ನ ಅತ್ತಿಗೆ, "ರೀ, ಊರವರ ಡಬ್ಬಿಯೆಲ್ಲ ತರಿಸಿದ್ರಿ, ನಮ್ಮದು?" ಅಂದಳು. ತೆಗೆದು ಸುರಿದೆ. ತಳದಲ್ಲಿ ದಾರಕ್ಕೆ ಪೋಣಿಸಿದ ಆರು ಕಂದು ಗುಂಡಿ ಇದ್ದವು. ನೀನು ಕೆಲಸ ಕೇಳಲು ಹೊರಟ ದಿನ ನಿನಗೆ ಕೊಟ್ಟ ಕೋಟಿನವು. ಕೊಡುವ ಮೊದಲು ನಾನೇ ಕತ್ತರಿಸಿಟ್ಟಿದ್ದೆ. ನೀನು ಎಡಗೈಯಲ್ಲಿ ಕೋಟು ಬಿಗಿಹಿಡಿದು ಬೀದಿ ದಾಟಿದ್ದನ್ನು ಅಂಗಡಿಯಲ್ಲಿ ಕೂತು ನೋಡಿಯೂ ಕರೆಯಲಿಲ್ಲ. ಆ ಕೆಲಸ ನಿನಗೆ ಸಿಗಲಿಲ್ಲ, ಆಮೇಲೆ ನೀನು ನಮ್ಮನೆಗೆ ಬರಲಿಲ್ಲ. ಕೋಟು ಕೊಟ್ಟರೂ ನೆನೆಯದವನು ಅಂತ ಕಂಡಕಂಡವರ ಹತ್ತಿರ ನಿನ್ನನ್ನು ಆಡಿಕೊಂಡೆ. ಇವತ್ತು ಚರ್ಚಿನಲ್ಲಿ ಕೂಗುವಾಗಲೂ ನನಗೆ ಇದು ನೆನಪಾಗಲಿಲ್ಲ ನೋಡು.

ಆರನ್ನೂ ಈ ಲಕೋಟೆಯಲ್ಲಿ ಹಾಕಿದ್ದೇನೆ. ಬೇರೆಯವರ ಹತ್ತಿರ ಹೊಲಿಸಬೇಡ. ಕೋಟು ತೆಗೆದುಕೊಂಡು ಬಾ. ಎಸೆದಿದ್ದರೂ ಬಾ. ನಿನ್ನ ಅಳತೆ ನನ್ನ ಹತ್ತಿರ ಇದೆ.