ಅಬ್ಬಾರ ತಟ್ಟೆಯಲ್ಲಿ ಕಡಲೆ

ಯಮಕನಮರಡಿ, ಶುಕ್ರವಾರ

ನನ್ನ ಪ್ರೀತಿಯ ನಬಿಲಾಲ,

ಹೆಸರು ಬರೆದೇಬಿಟ್ಟೆ. ನಿಮ್ಮ ಅಮ್ಮನಿಗೆ ಓದಲು ಬರುವುದಿಲ್ಲವೆಂಬ ಧೈರ್ಯ. ಮದುವೆಯಾಗಿ ಹದಿನೆಂಟು ದಿನ, ನೀವು ಗೋಕಾಕದ ಗಿರಣಿ ಕೆಲಸಕ್ಕೆ ಮರಳಿ ಆರು ದಿನ. ಇಷ್ಟರಲ್ಲೇ ನಾನು ನಿಮ್ಮ ಮನೆಗೆ ಔಷಧ ತಂದೆನೋ, ಅಪಶಕುನ ತಂದೆನೋ, ಒಂದೂ ತಿಳಿಯುತ್ತಿಲ್ಲ.

ಹೋಗುವಾಗ ನೀವೇ ಹೇಳಿದ್ದಿರಿ: “ಅಬ್ಬಾಗ ಸಕ್ರಿ ಬ್ಯಾನಿ. ಸಂಕೇಶ್ವರದ ಡಾಕ್ಟರು ಮಾಂಸ ಬಿಟ್ಟು ಕಾಳು ತಿನ್ರಿ ಅಂದಾರ. ಅಮ್ಮಾ ಕೇಳಂಗಿಲ್ಲ, ನೀನ ಮಾಡಿ ಹಾಕು.” ಅವರ ಕಾಲಿನ ಹುಣ್ಣು ಮೂರು ತಿಂಗಳಾದರೂ ಮಾಯ್ದಿಲ್ಲ ಎನ್ನುವಾಗ ನಿಮ್ಮ ದನಿ ನಡುಗಿತ್ತು. ಆ ದನಿಗಾಗಿ ನಾನು ಏನು ಬೇಕಾದರೂ ಬೇಯಿಸಬಲ್ಲೆ.

ಬುಧವಾರ ಹೊಸ ಸೊಸೆಯ ಮೊದಲ ಕೈಯಡುಗೆಯೆಂದು ಅಮ್ಮ ಕುರಿಮಾಂಸ ತರಿಸಿದ್ದರು. ನಾನು ಅಬ್ಬಾರ ತಟ್ಟೆಗೆ ಮಾತ್ರ ಬೇಯಿಸಿದ ಕಡಲೆ ಬಡಿಸಿದೆ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ. ಎಷ್ಟು ಚಂದ ಕಾಣುತ್ತಿತ್ತು. ಅಮ್ಮನ ಕೈಯಿಂದ ಸೌಟು ಬಿತ್ತು. “ಯಾರ ಜಿಯಾರತ್ ಐತಿ ಇವತ್ತ? ನನ್ನ ಗಂಡ ಇನ್ನೂ ಉಸರಾಡಾಕತ್ತಾನ, ಈಕಿ ಕಡ್ಲಿ ಬೇಸಿ ಇಟ್ಟಾಳ” ಎಂದರು.

ಸಾವಾದ ಮೂರನೆಯ ದಿನದ ಜಿಯಾರತ್ತಿನಲ್ಲಿ ಒಂದೊಂದು ಕಡಲೆಗೂ ಕಲ್ಮಾ ಓದಿ ಹಂಚುವುದನ್ನು ಬೋರ್ಡಿಂಗಿನಲ್ಲಿ ಬೆಳೆದ ನಾನು ಕಂಡೇ ಇರಲಿಲ್ಲ. ಹುರಳಿ ಮಾಡಬಹುದಿತ್ತು. ಆದರೆ ನಮ್ಮ ಮೇಡಂ ಅದು ಕುದುರೆಯ ಮೇವೆಂದು ಕಲಿಸಿದ್ದರು; ಮಾವನವರ ಮುಂದೆ ಹೇಗೆ ಇಡಲಿ?

ಅಬ್ಬಾ ಮಾತ್ರ ತಟ್ಟೆ ಎಳೆದುಕೊಂಡು ಅಮ್ಮನನ್ನು ಹೆಸರು ಹಿಡಿದು ಕರೆದರು: “ನನ್ನ ಜಿಯಾರತ್ತಿನ ಕಡ್ಲಿ ನಾನ ತಿನ್ನಾಕತ್ತೇನಿ, ಗುಡುಬಿ. ಇಂಥಾ ನಸೀಬ ಯಾವ ಸತ್ತಾಂವಗ ಐತಿ?” ಒಂದು ಕಾಳೂ ಉಳಿಸಲಿಲ್ಲ. ನಾನು ನಕ್ಕುಬಿಟ್ಟೆ. ಅಮ್ಮ ಅತ್ತುಬಿಟ್ಟರು. ನಾನು ಬಗ್ಗಿ ಬಿದ್ದ ಸೌಟು ಎತ್ತಿಕೊಂಡೆ.

ಅಂದಿನಿಂದ ಅಮ್ಮ ನನ್ನೊಡನೆ ಮಾತಾಡಿರಲಿಲ್ಲ. ನಿನ್ನೆ ಅಬ್ಬಾರಿಗೆ ಮತ್ತೆ ಮಾಂಸವನ್ನೇ ಬಡಿಸಿದರು. ಹೆಂಡತಿಯ ಕಣ್ಣು ನೋಡಿ ಅವರು ತಿಂದರು. ನಾನು ಅವರ ಕಾಲಿನ ಪಟ್ಟಿ ನೋಡುತ್ತ ನಿಂತಿದ್ದೆ. ಹಟ ಹಿಡಿದರೆ ಅಮ್ಮನನ್ನು ಕಳೆದುಕೊಳ್ಳುತ್ತೇನೆ, ಸುಮ್ಮನಿದ್ದರೆ ಅಬ್ಬಾರನ್ನು. ಇಂಥ ಲೆಕ್ಕ ನಮ್ಮ ಶಾಲೆಯಲ್ಲಿ ಹೇಳಿಕೊಡಲಿಲ್ಲ.

ಈ ಬೆಳಿಗ್ಗೆ ಅಮ್ಮ ಮೊರದ ತುಂಬ ಹುರಳಿ ತಂದು ನನ್ನ ಮುಂದೆ ತಳ್ಳಿದರು. “ಹಸನ ಮಾಡು. ಕಡ್ಲಿ ಈ ಮನ್ಯಾಗ ಬ್ಯಾಡ.” ಅಷ್ಟೇ. ಇದು ಎತ್ತುಗಳಿಗೋ, ಅಬ್ಬಾರಿಗೋ? ಕೋಪವೋ, ಕ್ಷಮೆಯೋ? ಎರಡೆರಡು ಸಲ ಕಲ್ಲು ಆರಿಸಿದೆ. ಆಮೇಲೆ ಅಮ್ಮ ಒಲೆಯ ಕಡೆಗೇ ಮುಖ ಮಾಡಿಕೊಂಡು ಕೇಳಿದರು: “ಉಪ್ಪು ಹಾಕಬೇಕೋ, ಬ್ಯಾಡೋ? ನಿಮ್ಮ ಡಾಕ್ಟರ ಏನಂದಾನ?”

ನನಗೆ ಗೊತ್ತಿಲ್ಲ. ಬೇಗ ಬರೆಯಿರಿ, ಇಬ್ಬರೂ ಕಾಯುತ್ತಿದ್ದೇವೆ.

ಅಲ್ಲಾಹ್ ನಿಮ್ಮನ್ನೂ ಅಬ್ಬಾರ ಕಾಲನ್ನೂ ಕಾಯಲಿ.

ಏನೂ ತಿಳಿಯದ, ನಿಮ್ಮವಳೇ ಆದ
ಹಮೀದಾ